ಸಣ್ಣ ಉರಿಯ ಎರಡು ದಿನ

ಕರಗಂದಿ,
ಮಾರ್ಚ್ ೧೨, ಬುಧವಾರ

ನನ್ನ ಒಂಟೆಮರಿ ಟೊರ್ಗಿನ್‌ಗೆ,

ನೋವು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಬಲಗಣ್ಣಿನ ಪಟ್ಟಿ ಬಿಚ್ಚಿದ್ದಾರೆಂದು ತಿಳಿಯಿತು. ಅದಕ್ಕೇ ಇಷ್ಟು ದಪ್ಪ ಅಕ್ಷರ. ಆಯಾಸವಾದರೆ ನಿಲ್ಲಿಸಿ ಆಮೇಲೆ ಓದು, ಆದರೆ ಪೂರ್ತಿ ಓದು. ಎಡಗಣ್ಣಿನ ಮಾತು ನಾನು ಎತ್ತುವುದಿಲ್ಲ. ನಿನ್ನೆ ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಮೂವತ್ತೆಂಟು ವರ್ಷ ಪ್ರಯೋಗಶಾಲೆಯ ಕುಲುಮೆಗಳ ಮುಂದೆ ನಿಂತ ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಈ ಪತ್ರವನ್ನು ನಿಮ್ಮಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಲ್ಮಾತಿ ರೈಲಿಗೆ ಇನ್ನೂ ಮೂರು ಗಂಟೆಯಿದೆ, ಮಹಾತಾಯಿ ಆಗಲೇ ಕೋಟು ಹಾಕಿಕೊಂಡು ಕೂತಿದ್ದಾಳೆ. ಬೆಳಿಗ್ಗೆ ನಿನಗೆಂದು ಬೌರ್ಸಾಕ್ ಕರಿಯುತ್ತ ನಿಮ್ಮ ಸಂಸ್ಥೆಯ ಯಂತ್ರಬುದ್ಧಿಗೆ ಹಿಡಿಶಾಪ ಹಾಕಿದಳು. "ತನಗೆ ಕಣ್ಣಿಲ್ಲ ಅಂತ ನನ್ ಮಗಳ ಕಣ್ಣು ಕಿತ್ಕೊಳ್ತಾ ಅದು?" ಎಂದಳು. ಹೋದ ವರ್ಷ ನೌರುಜ್ ಹಬ್ಬಕ್ಕೆ ಬಂದಾಗ ನೀನು ನನ್ನನ್ನು ಛೇಡಿಸಿದ್ದು ನೆನಪಾಯಿತು. "ಅಪ್ಪಾ, ಅದು ಲಕ್ಷ ಲೇಖನ ಓದಿದೆ. ಯಾವ ಪುಡಿಗೆ ಏನು ಬೆರೆಸ್ಬೇಕು, ಎಷ್ಟು ಹೊತ್ತು ಕಾಯಿಸ್ಬೇಕು, ಎಲ್ಲಾ ಹೇಳತ್ತೆ. ನೀವೆಷ್ಟು ಓದಿದೀರಾ?" ಎಂದಿದ್ದೆ. "ಒಂದ್ಸಲನಾದ್ರೂ ಕೈ ಸುಟ್ಕೊಂಡಿದ್ಯಾ ಕೇಳೇ ಅದನ್ನ" ಎಂದು ನಾನೂ ಜಂಬ ಕೊಚ್ಚಿದ್ದೆ.

ನಿನ್ನ ಜೊತೆ ಕೆಲಸ ಮಾಡುವ ಯೆರ್ಮೆಕ್ ಫೋನ್ ಮಾಡಿದ್ದ. ತನಿಖಾ ಸಮಿತಿಯವರು ಶುಕ್ರವಾರ ಆಸ್ಪತ್ರೆಗೇ ಬರುತ್ತಾರಂತೆ. ಗಂಧಕ ತುಂಬಿದ ಗಾಜಿನ ಕೊಳವೆಯ ಬಾಯನ್ನು ನೀನೇ ಸರಿಯಾಗಿ ಬೆಸೆದಿರಲಿಲ್ಲ, ಅದಕ್ಕೇ ಅದು ಕುಲುಮೆಯಲ್ಲಿ ಸಿಡಿಯಿತು ಎಂಬ ಹೇಳಿಕೆಗೆ ಸಹಿ ಹಾಕಲು ಒಪ್ಪಿದ್ದೀಯಂತೆ. ಹಾಕಿದರೆ ಇನ್ನು ಯಾವ ಪ್ರಯೋಗಶಾಲೆಯವರೂ ನಿನ್ನನ್ನು ಕುಲುಮೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಕಬೇಡ, ಮಗಳೇ. ಗಾಜು ಬೆಸೆಯುವುದನ್ನು ನಿನಗೆ ಹೇಳಿಕೊಟ್ಟವನು ನಾನು. ನಿನ್ನ ಕೈ ನನಗೆ ಗೊತ್ತು. ಸರಿಯಾಗಿ ಊಟ ಮಾಡು. ಅಮ್ಮ ಅತ್ತರೆ ಗದರಬೇಡ.

ನಿನ್ನ ಸುತ್ತ ಸುತ್ತಿ ನಿನ್ನ ಕೇಡನ್ನೆಲ್ಲ ಮೈಮೇಲೆ ಹಾಕಿಕೊಳ್ಳಲು ಕಾದಿರುವ,

ಅಪ್ಪ
ಕಾಕಿಮ್‌ಬೆಕ್

ತಾ.ಕ.: ಅಮ್ಮ ಬೂಟು ಹಾಕುತ್ತಿದ್ದಾಳೆ, ಬೇಗ ಬರೆದುಬಿಡುತ್ತೇನೆ. ಆ ಕೊಳವೆ ಕಾಯಿಸಲು ಯಂತ್ರ ಹೇಳಿಕೊಟ್ಟ ವಿಧಾನಕ್ಕೆ ಆಧಾರವಾಗಿ ತೋರಿಸಿದ್ದು ನನ್ನ ಹಳೆಯ ಲೇಖನವನ್ನೇ ಎಂದು ಯೆರ್ಮೆಕ್ ಹೇಳಿದ. ನೀನು ಅದನ್ನು ಸಮಿತಿಯಿಂದ ಮುಚ್ಚಿಟ್ಟಿದ್ದೀಯಂತೆ. ಟೊರ್ಗಿನ್, ಗಂಧಕದ ಕೊಳವೆಯನ್ನು ನಾನು ಎರಡು ದಿನ ಸಣ್ಣ ಉರಿಯಲ್ಲಿಟ್ಟು ಆಮೇಲೆ ಕಾವು ಏರಿಸುತ್ತಿದ್ದೆ. ಹಾಗೆ ಮಾಡದೆ ಮೂರು ಕೊಳವೆ ಸಿಡಿದಿದ್ದವು. ನಮ್ಮ ವಿಧಾನ ಬೇರೆಯವರದಕ್ಕಿಂತ ಬೇಗ ಮುಗಿಯುತ್ತದೆಂದು ಕಾಣಲಿ ಅಂತ ಲೇಖನದಲ್ಲಿ ಆ ಎರಡು ದಿನವನ್ನೂ ಆ ಮೂರು ಕೊಳವೆಗಳನ್ನೂ ಬಿಟ್ಟುಬಿಟ್ಟೆ. ಕುಲುಮೆ ಕಂಡವರಿಗೆಲ್ಲ ಇದು ಗೊತ್ತೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. "ನಿಧಾನಕ್ಕೆ ಕಾಯಿಸೋಣ್ವಾ?" ಎಂದು ಯೆರ್ಮೆಕ್ ಕೇಳಿದಾಗ ನೀನು, "ಬೇಡ ಬಿಡೋ, ನಮ್ಮಪ್ಪ ಬರ್ದಿರೋದು. ಅವ್ರು ಸುಳ್ಳು ಬರೆಯೋರಲ್ಲ" ಎಂದೆಯಂತೆ. ಬರೆದಿದ್ದೆ, ಮಗಳೇ. ಸಮಿತಿಗೂ ಹಾಗೆಂದು ಈಗಷ್ಟೇ ಬರೆದು ಕಳಿಸಿದೆ.