ವೆಸ್ಟ್‌ಪೋರ್ಟ್‌ನಿಂದ ಆಚೆಗೆ

ಸಾಲ್ಟ್‌ಹಿಲ್, ಗಾಲ್ವೇ
ಮಾರ್ಚ್ ೯, ಶನಿವಾರ ಬೆಳಿಗ್ಗೆ

ಪ್ರೀತಿಯ ಕೀತ್,

ಮೊಣಕಾಲು ಹೇಗಿದೆ? ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುತ್ತಿದ್ದೀಯಾ, ಇಲ್ಲಾ ನೋಡುವವರಿಲ್ಲ ಅಂತ ಮೊದಲಿನ ಹಾಗೆ ಧಡಧಡ ಇಳಿಯುತ್ತಿದ್ದೀಯಾ? ಫ್ರೀಜರಿನ ಕೆಳಗಿನ ಖಾನೆಯಲ್ಲಿ ಇನ್ನೊಂದು ಡಬ್ಬಿ ಸಾರು ಇದೆ, ಬಟಾಣಿ ಚೀಲದ ಕೆಳಗೆ. ನೀನು ಚೀಲ ಎತ್ತಿ ನೋಡುವವನಲ್ಲ, ಅದಕ್ಕೇ ಹೇಳಿದೆ. ದಿನಾ ಫೋನಿನಲ್ಲಿ ಮಾತಾಡಿಯೂ ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನೀನು ‘ಹೇಗಿದ್ದೀಯ’ ಎನ್ನುವ ಮೊದಲೇ ನನ್ನ ಬಾಯಿಂದ ‘ಚೆನ್ನಾಗಿದ್ದೀನಿ’ ಹೊರಟುಬಿಡುತ್ತದೆ. ಕಾಗದದ ಮೇಲೆ ಅಷ್ಟು ಬೇಗ ಬರುವುದಿಲ್ಲ.

ಓರ್ಲಾ ಚೆನ್ನಾಗಿದ್ದಾಳೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ಅಪ್ಪನಿಗೆ ತಾನೇ ಹೇಳುತ್ತಾಳಂತೆ, ಆದ್ದರಿಂದ ನಿನಗಿನ್ನೂ ಗೊತ್ತಿಲ್ಲ ಅಂತ ಇಟ್ಟುಕೋ. ಬಂದ ದಿನ ಅವಳ ಬಾಡಿಗೆ ಮನೆಗೆ ಹೋದಾಗ ಚಹಾ ಮಾಡೋಣವೆಂದು ಎದ್ದೆ. ಕಪ್ಪುಗಳು ಎಲ್ಲಿವೆಯೆಂದು ತಿಳಿಯಲಿಲ್ಲ. ಮಗಳ ಅಡುಗೆಮನೆಯಲ್ಲಿ ಒಂದೊಂದೇ ಕಪಾಟು ತೆರೆದು ನೋಡುತ್ತ ನಿಂತಿದ್ದೆ. ಅವಳ ಜೊತೆಯಲ್ಲಿರುವ ಹುಡುಗಿ ಬಂದು, “ಅಯ್ಯೋ, ನೀವು ಕೂತ್ಕೊಳ್ಳಿ, ನೆಂಟರು ನೀವು” ಎಂದಳು. ಕೂತೆ. ಇಂಥ ಸಣ್ಣ ಮಾತು ಇಷ್ಟು ದಿನ ಯಾಕೆ ಮನಸ್ಸಿನಲ್ಲಿ ಉಳಿಯಬೇಕು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಬರುವ ಶುಕ್ರವಾರ ಅಕಿಲ್ ದ್ವೀಪಕ್ಕೆ ಹೊರಡುವುದು ನಿಶ್ಚಯ. ನಾನೇ ಓಡಿಸಲು ಬಾಡಿಗೆ ಕಾರು ಹೇಳಿಯಾಗಿದೆ. ನಾನು ಉಳಿದುಕೊಂಡಿರುವ ಮನೆಯೊಡತಿ ಪೆಗ್ ಕೊಯ್ನ್‌ರ ಅಡುಗೆಮನೆಯ ಮೇಜಿನ ಮೇಲೆ ದಿನವೂ ಸಂಜೆ ನಕ್ಷೆ ಹರಡುತ್ತೇವೆ, ಒಂದು ಮೂಲೆಗೆ ಬೆಣ್ಣೆ ಬಟ್ಟಲು, ಇನ್ನೊಂದಕ್ಕೆ ಅವರ ಬೆಕ್ಕು. ಪೆಗ್‌ಗೆ ಎಪ್ಪತ್ತು ದಾಟಿದೆ, ಗಂಡ ಮಾರ್ಟಿನ್ ತೀರಿಕೊಂಡ ಮೇಲೆ ಒಬ್ಬರೇ. ದಾರಿ ಹೇಳುವುದೆಂದರೆ ಅವರಿಗೆ ಹಬ್ಬ. “ಮಾಮ್ ಕ್ರಾಸ್‌ನಲ್ಲಿ ಬಲಕ್ಕೆ ತಿರುಗಮ್ಮ. ಆಮೇಲೆ ಒಂದು ಪಬ್ ಇತ್ತು, ಈಗಿಲ್ಲ. ಅಲ್ಲಿ ನಿಧಾನ ಮಾಡು.” “ಇಲ್ಲದ ಪಬ್ ನೋಡ್ಕೊಂಡು ಹೇಗೆ ನಿಧಾನ ಮಾಡ್ಲಿ ಪೆಗ್?” “ಇತ್ತು ಅಂತ ಹೇಳಿದ್ನಲ್ಲ, ಇನ್ನೇನು ಬೇಕು ನಿಂಗೆ! ಡೂಲಾಕ್ ಕಣಿವೇಲಿ ಕುರಿಗಳು ರಸ್ತೇಲೇ ಮಲಗಿರ್ತವೆ. ಹಾರ್ನ್ ಹೊಡೀಬೇಡ. ಅವಕ್ಕೆ ಕೇಳ್ಸುತ್ತೆ, ಆದ್ರೆ ಕ್ಯಾರೇ ಅನ್ನಲ್ಲ.”

ಓರ್ಲಾ ಬರುತ್ತಿಲ್ಲ. ಮೊನ್ನೆ ದಂಡೆಯ ಮೇಲೆ ಮೀನು, ಆಲೂಗಡ್ಡೆ ತಿನ್ನುತ್ತ ಕೂತಿದ್ದಾಗ ಅವಳಾಗಿಯೇ ಕೇಳಿದಳು: “ಅಮ್ಮಾ, ನಾನೂ ಬರ್ಲಾ?” “ಬೇಡ ಪುಟ್ಟಾ, ನಿಂಗೆ ಓದೋದಿದೆ” ಎಂದೆ. ಎಂದು, ಕಾದೆ. ಅವಳು “ಸರಿ ಹಾಗಾದ್ರೆ” ಎಂದು ನನ್ನ ಪೊಟ್ಟಣದಿಂದ ಒಂದು ಆಲೂಗಡ್ಡೆ ಚೂರು ಎತ್ತಿಕೊಂಡಳು. ಅವಳ ತಪ್ಪಿಲ್ಲ. ಲೀಡ್ಸ್‌ನಲ್ಲಿ ಬೆಳೆದವಳು, ನಿನ್ನ ಮಗಳು. ನನ್ನ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದದ್ದು ನೆನಪಿದೆಯಲ್ಲ? ನೀನು ಚಹಾ ಬೇಕಾ ಎಂದೆ, ಅವಳು ಬೇಡ ಎಂದಳು, ನೀನು ನಿನ್ನೊಬ್ಬನಿಗೇ ಮಾಡಿಕೊಂಡು ಅವಳೆದುರೇ ಕೂತು ಕುಡಿದೆ. ನಮ್ಮೂರು ರಾಸ್‌ಕಾಮನ್‌ನ ನೆಂಟರಿಷ್ಟರಿಗೆಲ್ಲ ಸಾಯುವ ತನಕ ಹೇಳಿದಳು: “ಅಳಿಯ ದೇವರಂಥೋನು, ಆದ್ರೆ ಅವನ ಮನೇಲಿ ಗಂಟಲು ಒಣಗಿ ಸತ್ರೂ ನೀರು ಬಿಡೋರಿಲ್ಲ!” ನಮ್ಮ ಕಡೆ ಮೊದಲ ‘ಬೇಡ’ ಬರೀ ಮರ್ಯಾದೆ. ಎರಡನೆಯದು ಸಂಕೋಚ. ಮೂರನೇ ಸಲ ಕೇಳಿದಾಗ ಬರುವುದೇ ಉತ್ತರ. ನಿನಗೆ ಇದನ್ನು ವಿವರಿಸಿದಾಗ, ನೇರವಾಗಿ ಹೇಳಿದರೆ ಏನು ಕಷ್ಟ ಎಂದು ನೀನು ಕೇಳಿದ್ದೆ. ಆಗ ನಾನು ನಕ್ಕಿದ್ದೆ.

ಒಂಟಿಯಾಗಿ ಹೋಗಲು ನನಗೇನೂ ಭಯವಿಲ್ಲ. ಆದರೂ ಗುರುವಾರ ಪೆಗ್‌ರನ್ನು ಕರೆದೆ. “ನಾನಾ? ಬೆಕ್ಕನ್ನ ಯಾರಮ್ಮ ನೋಡ್ಕೋತಾರೆ” ಎಂದರು. ಸರಿಯೆಂದು ನಕ್ಷೆ ಮಡಚಿಟ್ಟೆ. ನಿನ್ನೆ ಬೆಳಿಗ್ಗೆ ತಿಂಡಿಗೆ ಇಳಿದು ಬಂದರೆ ಒಲೆಯ ಪಕ್ಕ ಪತ್ರಿಕೆಯ ಮೇಲೆ ಅವರ ಒಳ್ಳೆಯ ಬೂಟುಗಳು ಪಾಲಿಶ್ ಆಗಿ ಕೂತಿದ್ದವು. ಮೊಟ್ಟೆ ತಿರುವಿಹಾಕುತ್ತ, ನನ್ನ ಕಡೆ ನೋಡದೆ, “ಪಕ್ಕದ್ಮನೆ ಬ್ರೆಂಡನ್ ಬೆಕ್ಕಿಗೆ ಊಟ ಹಾಕ್ತಾನಂತೆ. ಸುಮ್ನೆ ಹೇಳ್ದೆ” ಎಂದರು. ನಾನು ಚಮಚ ಕೆಳಗಿಟ್ಟೆ. ಇಪ್ಪತ್ತು ವರ್ಷ ನಿಮ್ಮೂರಿನಲ್ಲಿದ್ದು ನಾನೂ ಒಂದೇ ಸಲ ಕೇಳಿ ಸುಮ್ಮನಾಗುವವಳಾಗಿದ್ದೇನೆ. ಮತ್ತೆ ಕೇಳಿದೆ. “ಮುದುಕಿ ಕಟ್ಕೊಂಡು ಏನು ಸುಖ ನಿಂಗೆ” ಎಂದರು. ಮೂರನೇ ಸಲ ಕೇಳಿದೆ. “ಅಷ್ಟು ಬಲವಂತ ಮಾಡಿದ್ರೆ ಇನ್ನೇನು ಮಾಡ್ಲಿ. ವೆಸ್ಟ್‌ಪೋರ್ಟ್ ತನಕ ಬರ್ತೀನಿ, ಅಲ್ಲಿ ತಂಗಿ ಮನೇಲಿ ಇಳಿಸ್ಬಿಡು.” ಅಲ್ಲಿಂದ ಮುಂದೆ ಅಕಿಲ್‌ಗೂ ಬನ್ನಿ ಎಂದೆ. ಅದನ್ನೂ ಮೂರು ಸಲ ಕೇಳಿದೆ, ಈ ಬಾರಿ ಎಣಿಸಿಕೊಂಡೇ. ಮೂರನೇ ಸಲವೂ ತಲೆಯಾಡಿಸಿದರು. “ಅಲ್ಲಿನ ಕೀಮ್ ತೀರಾನ ಮಾರ್ಟಿನ್ ಜೊತೆ ನೋಡಿದೀನಿ ಕಣಮ್ಮ. ಸಾಕು.” ಆ ‘ಸಾಕು’ ನಿಜವಾದದ್ದು. ಅಲ್ಲಿಗೆ ಬಿಟ್ಟೆ.

ಹಾಗಾಗಿ ಶುಕ್ರವಾರ ರಾತ್ರಿ ಪೆಗ್‌ರ ತಂಗಿಯ ಊರಲ್ಲೇ ಉಳಿದು, ಮರುದಿನ ಶನಿವಾರ ಬೆಳಿಗ್ಗೆ ವೆಸ್ಟ್‌ಪೋರ್ಟ್‌ನಿಂದ ಆಚೆಗೆ ನಾನೊಬ್ಬಳೇ. ಫ್ಲಾಸ್ಕ್, ಮೊಟ್ಟೆ ಸ್ಯಾಂಡ್‌ವಿಚ್ ಎಲ್ಲ ಇರುತ್ತದೆ, ಚಿಂತೆ ಬೇಡ. ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು. ರಾತ್ರಿ ಹಿಂಬಾಗಿಲಿನ ಚಿಲಕ ನೋಡಿ ಮಲಗು.

ಪ್ರೀತಿಯಿಂದ,
ನಿನ್ನ ಡರ್ವ್ಲಾ

ತಾ.ಕ.: ಅಂಚೆಗೆ ಹೊತ್ತಾಯಿತು, ಪೆಗ್ ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ನಾನು ಹೊರಡುವ ಹಿಂದಿನ ದಿನ ನೀನು ಪಾತ್ರೆ ಒರೆಸುತ್ತ, “ನಾನೂ ಬರ್ಲಾ?” ಎಂದಿದ್ದೆ. ನಿನ್ನ ಮೊಣಕಾಲಿಗೆ ಆಗಲ್ಲ, ಬೇಡ ಎಂದೆ ನಾನು. ನೀನು ಸರಿ ಎಂದು ಇನ್ನೊಂದು ತಟ್ಟೆ ಎತ್ತಿಕೊಂಡೆ. ಅದು ಮೊದಲನೆಯ ‘ಬೇಡ’ ಕೀತ್. ಡಬ್ಲಿನ್‌ನಿಂದ ವೆಸ್ಟ್‌ಪೋರ್ಟ್‌ಗೆ ರೈಲಿದೆ, ಪೆಗ್ ಇಳಿದ ಮೇಲೆ ಪಕ್ಕದ ಸೀಟು ಖಾಲಿ, ಕಾಲು ಚಾಚಿಕೊಳ್ಳಬಹುದು. ಕಾಗದ ಸಿಕ್ಕ ಕೂಡಲೇ ಫೋನ್ ಮಾಡಿ ಇನ್ನೊಮ್ಮೆ ಕೇಳು. ಮೂರನೇ ಸಲದವರೆಗೆ ಕಾಯಿಸುವುದಿಲ್ಲ.