ಮಂಗರಾಯ್ ನಿಲ್ದಾಣಕ್ಕೆ ಹೋಗುವ ಗಾಡಿ

ಕುನಿಂಗಾನ್, ಜಕಾರ್ತಾ
20 ಫೆಬ್ರವರಿ 1998

ಮುದ್ದಿನ ತಂಗಿ ಕುನಿರಾ,

ನಿನಗೂ ಮಕ್ಕಳಿಗೂ ಅಲ್ಲಾಹನ ಕೃಪೆ ಇರಲಿ. ಅಮ್ಮನ ಮಂಡಿನೋವು ಹೇಗಿದೆ? ಚಿಕ್ಕವಳ ಕೆಮ್ಮು ಹೋಯಿತೇ? ನಾನು ಚೆನ್ನಾಗಿದ್ದೇನೆ. ನನ್ನ ಈ ಸರದಿಯಲ್ಲಿ ನಮ್ಮ ಅನ್ನದಂಗಡಿಯೂ ಹೇಗೋ ನಡೆದಿದೆ. ರಂಜಾನ್ ಹಬ್ಬಕ್ಕೆ ಊರಿಗೆ ಹೋದ ಕೂಲಿಗಳಲ್ಲಿ ಅರ್ಧ ಜನ ತಿರುಗಿ ಬಂದಿಲ್ಲ. ಡಾಲರ್ ಏರಿದ ಮೇಲೆ ಸೋಯಾ ಕಾಳು ಮುಟ್ಟುವ ಹಾಗಿಲ್ಲ, ಅದರಿಂದ ಮಾಡುವ ತೆಂಪೆ ಬಿಲ್ಲೆಯನ್ನು ತೆಳ್ಳಗೆ ಕೊಯ್ದು ಕರಿಯುತ್ತಿದ್ದೇನೆ. ಬ್ಯಾಂಕಿನ ಕಾವಲುಗಾರ ಒಂದು ಚೂರನ್ನು ಕಣ್ಣಿಗೆ ಹಿಡಿದು, "ಏನಕ್ಕಾ, ಇದರೊಳಗಿಂದ ಆಚೆ ರಸ್ತೆ ಕಾಣ್ತದಲ್ಲ" ಎಂದ. "ಒಳ್ಳೇದಾಯ್ತು, ಬಸ್ಸು ಬಂದ್ರೆ ಹೇಳು" ಎಂದೆ. ಎಲ್ಲರೂ ನಕ್ಕರು. ಈಗ ಅವನೂ ಬರುತ್ತಿಲ್ಲ, ಬ್ಯಾಂಕಿನ ಬಾಗಿಲೇ ಮುಚ್ಚಿದೆ.

ನಿನ್ನ ಗಂಡನ ಸುದ್ದಿ ಕೇಳು. ಅವನು ಬಡಗಿ ಕೆಲಸ ಮಾಡುತ್ತಿದ್ದ ಎದುರಿನ ದೊಡ್ಡ ಕಟ್ಟಡ ಅರ್ಧಕ್ಕೇ ನಿಂತಿದೆ. ಹಬ್ಬ ಮುಗಿಸಿ ಬಂದವನಿಗೆ ಸಿಕ್ಕಿದ್ದು ಬೀಗ ಹಾಕಿದ ಗೇಟು. ವಸ್ಮಾದ್ ಇದನ್ನು ನಿನಗೆ ತಿಳಿಸಿಲ್ಲ ಎಂದು ಮೊನ್ನೆಯಷ್ಟೇ ಗೊತ್ತಾಯಿತು. ಬಂದ ಹೊಸತರಲ್ಲಿ ದಿನವೆಲ್ಲ ಆ ಗೇಟಿನ ಮುಂದೆ ಕೂತಿರುತ್ತಿದ್ದ, ನನ್ನಲ್ಲಿ ಊಟಕ್ಕೂ ಬಾರದೆ ತಪ್ಪಿಸಿಕೊಳ್ಳುತ್ತಿದ್ದ. ನಾನೇ ಹೋಗಿ, "ಏಳಪ್ಪ, ಗೇಟು ಕಾಯೋಕೆ ನಿಂಗೇನು ಸಂಬಳ ಕೊಡ್ತಾರಾ? ಅಂಗಡೀಲಿ ಗಿರಾಕಿ ಇಲ್ದೆ ಅನ್ನ ಆರ್ತಿದೆ. ಜನ ಇರೋ ಕಡೆಗೆ ಒಯ್ಯೋಕೆ ಏನಾದ್ರೂ ಮಾಡ್ಕೊಡು" ಎಂದೆ. ಮೇಸ್ತ್ರಿ ಕೂಲಿಯ ಬದಲು ಕೊಟ್ಟ ಹಲಗೆಗಳಲ್ಲೇ ಒಂದು ತಳ್ಳುಗಾಡಿ ಮಾಡಿಬಿಟ್ಟ. ಈಗ ನಾನು ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ಅನ್ನದ ಪೊಟ್ಟಣಗಳನ್ನು ಬೆಳಿಗ್ಗೆ ಮಂಗರಾಯ್ ರೈಲು ನಿಲ್ದಾಣಕ್ಕೆ ಒಯ್ಯುತ್ತಾನೆ. ಮೊದಲ ದಿನ ಗಾಡಿಯ ಪಕ್ಕ ನೆಟ್ಟಗೆ ನಿಂತೇ ಇದ್ದನಂತೆ. ಕೊನೆಗೆ ಒಬ್ಬ ಮುದುಕಿ, "ಏನಪ್ಪ, ಮಾರ್ತೀಯೋ, ಪಹರೆ ಕಾಯ್ತೀಯೋ?" ಎಂದು ರೇಗಿಸಿ ಬೋಣಿ ಮಾಡಿದಳಂತೆ. ನಿನ್ನೆ ಮಧ್ಯಾಹ್ನ ಖಾಲಿ ಗಾಡಿ ತಳ್ಳಿಕೊಂಡು ಬಂದ. ಅವನ ಮುಖ ನೋಡಿ ನನಗೂ ಹಸಿವಾಯಿತು, ಇಬ್ಬರೂ ಕೂತು ಉಂಡೆವು.

ಅಮ್ಮನಿಗೆ ನನ್ನ ಸಲಾಂ ಹೇಳು. ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಮುತ್ತು ಕೊಡು.

ನಿನ್ನ ಅಕ್ಕ,
ದರ್ಯುನಿ

ತಾ.ಕ.: ಪತ್ರ ಒಯ್ಯುವ ಬಸ್ಸಿನವನು ಅವಸರ ಮಾಡುತ್ತಿದ್ದಾನೆ. ಮಲೇಷ್ಯಾಕ್ಕೆ ಆಳು ಕರೆದೊಯ್ಯುವ ದಲ್ಲಾಳಿಯೊಬ್ಬ ನಿನ್ನೆ ಸಂಜೆ ಬಂದಿದ್ದ. ಬುಧವಾರ ದೋಣಿಯಂತೆ, ಪಾಸ್‌ಪೋರ್ಟೂ ಬೇಡವಂತೆ. ವಸ್ಮಾದ್ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. "ಕುನಿರಾನ ಕೇಳ್ದೆ ಹೇಗೆ ಹೇಳ್ಲಿ" ಎಂದ. ನಾನು ತಡೆದರೆ ನಿಲ್ಲುವವನಲ್ಲ. ಅಂಗಡಿ ನೋಡುವ ನಿನ್ನ ಸರದಿಗೆ ಇನ್ನೂ ಒಂದು ತಿಂಗಳಿದೆ, ಅಲ್ಲಿಯವರೆಗೆ ಕಾಯಬೇಡ. ಈ ಪತ್ರ ತಂದ ಬಸ್ಸಿನಲ್ಲೇ ಹೊರಟು ಬಾ.