ಕೈಗೆ ಬಂದ ಜಡೆ

ಶುಕ್ರವಾರ, ಮಧ್ಯಾಹ್ನ

ಅಮ್ಮಾ,

ಶಾಲೆ ಬಿಟ್ಟು ಅಕ್ಕನ ಮನೆಗೆ ಬಂದಾಗಿನಿಂದ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಫೋಟೋದಲ್ಲಿ ಅಕ್ಕನ ಜಡೆ ನೋಡಿ ಸಂತೋಷಪಡುತ್ತೀಯಲ್ಲ, ಅದನ್ನು ನಾನು ಹೊಸ ಹೊಸ ರೀತಿ ಹೆಣೆಯುತ್ತಿದ್ದುದು ಅಂದಕ್ಕಲ್ಲ. ಅವಳ ನೆತ್ತಿಯ ಎಡಗಡೆ ಅಂಗೈಯಗಲ ಕೂದಲೇ ಇಲ್ಲ. ಭಾವ ಕಿತ್ತಿದ್ದಾನೆ. ಅದು ಕಾಣದಂತೆ ಒಂದು ಎಳೆಯನ್ನು ಅಡ್ಡ ಹಾಯಿಸುತ್ತಿದ್ದೆ.

ಬಿದ್ದೆ, ಜಾರಿದೆ ಅಂತ ಅಕ್ಕ ಹೇಳಿದ್ದೆಲ್ಲ ಸುಳ್ಳು. ವೆಲ್ಡಿಂಗ್ ಮಾಡುವ ಕೈ ಅವನದು. ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅಡುಗೆಮನೆಯಿಂದ ಬಚ್ಚಲವರೆಗೂ ಎಳೆದೊಯ್ಯುತ್ತಾನೆ. ಬೆಳಗ್ಗೆ ಟೀ ಕುಡಿಯುತ್ತಾ, ಏ ಶಾಲೆಗಳ್ಳಿ, ನಿಮ್ಮಕ್ಕನ ಹಗ್ಗ ಬಿಗಿಯಾಗಿ ಹೆಣಿ, ಸಡಿಲ ಇದ್ರೆ ಹಿಡಿತ ಸಿಗಲ್ಲ ಅಂತ ನನ್ನ ನೋಡಿ ನಗುತ್ತಾನೆ. ನಾನು ಹೆಣೆಯುತ್ತಲೇ ಇರುತ್ತಿದ್ದೆ.

ಹೋದ ವಾರ ಅವಳ ತಲೆಯನ್ನು ಬಚ್ಚಲ ಬಾಗಿಲಿಗೆ ಬಡಿದ. ಕಿವಿಯಿಂದ ರಕ್ತ ಬಂತು. ಜಡೆ ಕತ್ತರಿಸಿಬಿಡೋಣ ಅಕ್ಕಾ ಅಂದೆ. ಬೇಡ ಕಣೇ, ಕಂಡ್ರೆ ಕೊಂದೇಬಿಡ್ತಾನೆ ಅಂದಳು. ಕಾಣದ ಹಾಗೆ ಕತ್ತರಿಸ್ತೀನಿ ಅಂದೆ.

ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿ, ಆ ಕೂದಲಿನ ಬುಡಕ್ಕೆ ದಾರ ಬಿಗಿದು, ಚೌರಿಯ ಹಾಗೆ ಅದನ್ನೇ ಮತ್ತೆ ಅವಳ ಗಿಡ್ಡ ಕೂದಲಿಗೆ ಸೇರಿಸಿ ಪಿನ್ನು ಹಾಕಿದೆ. ಅವಳದೇ ಕೂದಲು, ಅದೇ ಬಣ್ಣ. ಅವನು ಏಳುವ ಮೊದಲು ದಿನಾ ಹೊಸದಾಗಿ ಕೂರಿಸುತ್ತಿದ್ದೆ. ಗಣಿತದಲ್ಲಿ ಸೊನ್ನೆ ತಂದವಳು ನಾನು. ಆದರೆ ಎಷ್ಟು ಬಿಗಿದರೆ ಓಡಾಡುವಾಗ ನಿಂತು, ಎಳೆದಾಗ ಕಳಚುತ್ತದೆ ಎಂಬ ಲೆಕ್ಕ ಮಾತ್ರ ತಪ್ಪಲಿಲ್ಲ.

ನಿನ್ನೆ ಸಂಜೆ, ಸಾರಿಗೆ ಉಪ್ಪು ಕಡಿಮೆ ಅಂತ ಎದ್ದ. ಜಡೆ ಸುತ್ತಿ, ಇದ್ದ ಬಲವೆಲ್ಲ ಹಾಕಿ ಎಳೆದ. ಅದು ಇಡಿಯಾಗಿ ಕೈಗೆ ಬಂತು. ಹಿಮ್ಮುಖವಾಗಿ ಹೋಗಿ ಅಡುಗೆಮನೆ ಪಕ್ಕದ ಬಚ್ಚಲ ಕಲ್ಲಿಗೆ ತಲೆ ಒಡೆದುಕೊಂಡ. ಎದ್ದು ಕೂತು, ಅವಳ ತಲೆಯೇ ಕಿತ್ತು ಬಂದಿದೆಯೇನೋ ಎಂಬಂತೆ ಜಡೆಯನ್ನೇ ನೋಡಿದ. ರಕ್ತ ಕಣ್ಣೊಳಗೆ ಇಳಿಯುತ್ತಿತ್ತು.

ಅಕ್ಕ ನಕ್ಕುಬಿಟ್ಟಳು ಅಮ್ಮಾ. ಆ ನಗು ಕೇಳಿ ಅವನು ಕುಕ್ಕರಿನ ಮುಚ್ಚಳ ಎತ್ತಿಕೊಂಡು ಅವಳ ಮೇಲೆ ಬಂದ. ನಾನು ಬಾಣಲೆಯಿಂದ ಅವನ ಮಣಿಕಟ್ಟಿಗೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು. ಮತ್ತೆ ಹೊಡೆದೆ. ಎರಡನೆಯ ಏಟು ಬೇಕಿರಲಿಲ್ಲ. ಬೇಕಂತಲೇ ಹೊಡೆದೆ.

ಈಗ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಅಪಾಯವಿಲ್ಲವಂತೆ. ಮೆಟ್ಟಿಲಲ್ಲಿ ಜಾರಿದೆ ಅಂತ ಡಾಕ್ಟರಿಗೆ ಹೇಳಿದನಂತೆ. ಅಕ್ಕನ ಸುಳ್ಳು ಅವನಿಗೂ ಉಪಯೋಗಕ್ಕೆ ಬಂತು. ನಾಡಿದ್ದು ಮನೆಗೆ ಬರುತ್ತಾನೆ.

ಹೋದ ವರ್ಷ ಅಕ್ಕ ಓಡಿಬಂದಾಗ ನೀನು ಎಣ್ಣೆ ಹಚ್ಚಿ, ಜಡೆ ಹೆಣೆದು, ಹೊಂದಿಕೊಂಡು ಹೋಗು ಮಗಳೇ ಅಂತ ಬಸ್ಸು ಹತ್ತಿಸಿದೆ. ಈ ಸಲವೂ ಹಾಗೇ ಮಾಡಿದರೆ ನಾನು ನಿನ್ನ ಹೊಸ್ತಿಲು ತುಳಿಯುವುದಿಲ್ಲ. ನಮಗಿಂತ ಮೊದಲು ತಲುಪಲಿ ಅಂತ ಈ ಪತ್ರವನ್ನು ಹಾಲಿನ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ಬಾಗಿಲು ತೆರೆದಿಡು.

ನಿನ್ನ ಕಿರಿಮಗಳು,
ಶಾಲೆಗಳ್ಳಿ

ಬರೆಯಲೋ ಬೇಡವೋ ಅಂದುಕೊಂಡದ್ದು: ಬುಡ ಸಡಿಲ ಬಿಟ್ಟು ಹೆಣಿ, ಯಾರಾದ್ರೂ ಎಳೆದ್ರೆ ನೋವು ಕಡಿಮೆ ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ನೀನೇ. ಎಳೆಯೋರು ಯಾರು ಅಂತ ಆಗ ಕೇಳಲಿಲ್ಲ. ಅಪ್ಪ ಸತ್ತ ಮೇಲೆ ನೀನು ನಿನ್ನ ಜಡೆಯನ್ನು ಬಿಗಿಯಾಗಿ ಹೆಣೆಯತೊಡಗಿದ್ದನ್ನು ನೋಡಿದ್ದೇನೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ.